ಮೊರದಲ್ಲಿ ಏಳು ಗುಡ್ಡೆ

ಬಸವೇಶ್ವರನಗರದಲ್ಲಿ ನಾನೀಗ ಇರುವ ಫ್ಲಾಟಿನ ಪಕ್ಕದ ಮನೆಯಲ್ಲಿ ಆಗಾಗ ಹುರುಳಿ ಬೇಯುತ್ತದೆ. ಕುಕ್ಕರಿನ ಮೊದಲ ಸೀಟಿಯ ಜೊತೆಗೇ ಆ ವಾಸನೆ ನಮ್ಮ ಅಡುಗೆಮನೆಯ ಕಿಟಕಿ ದಾಟಿ ಒಳಗೆ ಬರುತ್ತದೆ. ನೆನೆದ ಗೋಣಿಚೀಲವನ್ನು ಒಲೆಯ ಪಕ್ಕ ಒಣಹಾಕಿದರೆ ಬರುವಂಥ, ಮಣ್ಣು ಬೆರೆತ ಒಗರು ವಾಸನೆ. ಆ ಮನೆಯ ಹುಡುಗಿ ಒಮ್ಮೆ ಬಟ್ಟಲಲ್ಲಿ ಸಾರು ತಂದುಕೊಟ್ಟು, "ಆಂಟಿ, ಹುರುಳಿ ತುಂಬ ಹೆಲ್ದಿ ಅಂತೆ, ಅದಕ್ಕೇ ಮಾಡ್ತಾ ಇದೀನಿ. ನೀವು ಮಾಡಲ್ವಾ?" ಅಂದಳು. ನಾನು ನಕ್ಕು ಬಟ್ಟಲು ತೆಗೆದುಕೊಂಡೆ. ಅವಳು ಹೋದ ಮೇಲೆ ಅದನ್ನು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಕೆಲವು ವಾಸನೆಗಳಿಗೆ ಕರುಣೆ ಎಂಬುದಿಲ್ಲ. ಮುಚ್ಚಿದ ಬಾಗಿಲನ್ನು ತಟ್ಟದೆಯೇ ತೆಗೆದು ಒಳಗೆ ಬಂದುಬಿಡುತ್ತವೆ.

ಎಪ್ಪತ್ತರ ದಶಕದಲ್ಲಿ ನಾವು ಗೋವಿಂದರಾಜನಗರದ ಒಂದು ಬಾಡಿಗೆ ಮನೆಯಲ್ಲಿದ್ದೆವು. ಮುಂದೆ ಮಾಲೀಕರ ದೊಡ್ಡ ಹೆಂಚಿನ ಮನೆ, ಹಿಂದೆ ಅವರ ಹಳೆಯ ಕೊಟ್ಟಿಗೆಯನ್ನೇ ಗೋಡೆ ಹಾಕಿ ಎರಡು ಕೋಣೆ ಮಾಡಿದ ನಮ್ಮ ಮನೆ. ಗೋಡೆಗೆ ಎಷ್ಟು ಸುಣ್ಣ ಬಳಿದರೂ ಮಳೆಗಾಲದಲ್ಲಿ ಸಗಣಿಯ ವಾಸನೆ ಮೆಲ್ಲಗೆ ಏಳುತ್ತಿತ್ತು. ಅಪ್ಪ ದಾವಣಗೆರೆಯ ಕಡೆಯವನು, ಮಗ್ಗದ ಕೆಲಸ ಬಲ್ಲವನು. ಮಾಗಡಿ ರಸ್ತೆಯಲ್ಲಿದ್ದ ಒಂದು ಸಣ್ಣ ನೇಯ್ಗೆ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ. ಮನೆಯಲ್ಲಿ ಅಪ್ಪನ ತಾಯಿ, ಅಂದರೆ ನಮ್ಮ ಅಜ್ಜಿ, ಅಮ್ಮ, ಅಕ್ಕ ಗಿರಿಜೆ, ನಾನು, ಇನ್ನೂ ಶಾಲೆಗೆ ಸೇರಿರದ ತಮ್ಮ. ಅಪ್ಪನಿಗೆ ಪ್ರತಿ ಶನಿವಾರ ಸಂಬಳದ ಬಟವಾಡೆ. ಹಾಗಾಗಿ ನಮ್ಮ ಮನೆಯ ಬದುಕು ತಿಂಗಳಿನದಾಗಿರಲಿಲ್ಲ, ವಾರದ್ದಾಗಿತ್ತು. ಶನಿವಾರ ಸಂಜೆ ಹುಟ್ಟಿ ಮುಂದಿನ ಶನಿವಾರ ಮಧ್ಯಾಹ್ನದ ಹೊತ್ತಿಗೆ ಉಸಿರು ಕಟ್ಟುತ್ತಿತ್ತು.

ಶನಿವಾರ ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ಹೊಸ್ತಿಲ ಹತ್ತಿರ ಮೊರ ಇಟ್ಟುಕೊಂಡು ಕೂರುತ್ತಿದ್ದಳು. ತಂದ ಕಾಳುಬೇಳೆಯನ್ನೆಲ್ಲ ಕಲ್ಲು ಆರಿಸಿ, ಕೇರಿ, ಮೊರದ ಮೇಲೇ ಏಳು ಗುಡ್ಡೆ ಮಾಡುವಳು. ಒಂದೊಂದು ಗುಡ್ಡೆ ಒಂದೊಂದು ದಿನದ್ದು. ಎದುರಿಗೆ ಗಿರಿಜಕ್ಕ. ಇಬ್ಬರೂ ಮಾತಾಡಿಕೊಳ್ಳುತ್ತ ವಾರವನ್ನು ಕಟ್ಟುತ್ತಿದ್ದರು. ಹುರುಳಿ ಮಂಗಳವಾರಕ್ಕೆ. ಅದರ ಕಟ್ಟಿನಲ್ಲಿ ರಾತ್ರಿಗೆ ಸಾರು, ಉಳಿದ ಕಾಳಿಗೆ ಒಗ್ಗರಣೆ ಹಾಕಿದರೆ ಬುಧವಾರ ಬೆಳಗಿನ ಪಲ್ಯ. ಮೂಡಲಪಾಳ್ಯದಿಂದ ಸೊಪ್ಪು ಹೊತ್ತು ತರುವ ಹೆಂಗಸು ಸಂಜೆ ವಾಪಸು ಹೋಗುವಾಗ ಬಾಡಿದ ಕಟ್ಟುಗಳನ್ನು ಅಗ್ಗಕ್ಕೆ ಕೊಟ್ಟುಹೋಗುತ್ತಿದ್ದಳು. ಅವಳು ಬರುವ ದಿನ ನೋಡಿಕೊಂಡು ಬಸ್ಸಾರು. ರೇಷನ್ ಗೋಧಿ ಬಂದ ವಾರ ಅದರ ನುಚ್ಚಿನ ಉಪ್ಪಿಟ್ಟು. ಅನ್ನ ಮತ್ತು ತೊಗರಿಬೇಳೆ ಭಾನುವಾರ ಮಾತ್ರ. ಅಕ್ಕ ಎಷ್ಟೋ ಸಲ ಅಮ್ಮನಿಗಿಂತ ಮುಂದೆ ಇರುತ್ತಿದ್ದಳು. "ಅಮ್ಮಾ, ಗುರುವಾರದ ಗುಡ್ಡೆಯಿಂದ ಒಂದ್ ಹಿಡಿ ತೆಗೀ, ಅವತ್ತು ಪುಟ್ಟಮ್ಮನೋರ ಮನೇಲಿ ಹಬ್ಬ, ಏನಾರ ಕೊಟ್ಟೇ ಕೊಡ್ತಾರೆ" ಅನ್ನುವಳು. ಅಮ್ಮ ಅವಳ ತಲೆಗೆ ಮೊಟಕಿ ನಗುವಳು. ಒಂದು ಹಿಡಿ ತೆಗೆದೂ ತೆಗೆಯುವಳು. ಬಡತನ ಅಂತ ಆಗ ನಮಗೆ ಅನ್ನಿಸುತ್ತಿರಲಿಲ್ಲ. ಕಾಳುಗಳು ಮೊರದ ಮೇಲೆ ಜಾರುವ ಆ ಸರಸರ ಸದ್ದಿನಲ್ಲಿ ಮುಂದಿನ ವಾರ ಇದೆ, ಅದು ಬಂದೇ ಬರುತ್ತದೆ ಎಂಬ ಧೈರ್ಯವಿತ್ತು.

ಪುಟ್ಟಮ್ಮ ನಮ್ಮ ಮನೆಯ ಮಾಲೀಕರು. ಒಕ್ಕಲುತನದ ಮನೆಯವರು. ಅಮ್ಮನಿಗೆ ರಾಗಿಮುದ್ದೆ ಕಟ್ಟಲು ಕಲಿಸಿದವರು ಅವರೇ. ನಮ್ಮದು ರೊಟ್ಟಿಯ ಸೀಮೆ. ಬೆಂಗಳೂರಲ್ಲಿ ಒಳ್ಳೆಯ ಜೋಳ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. "ರೊಟ್ಟಿ ರೊಟ್ಟಿ ಅಂತ ಯಾಕ್ ಸಾಯ್ತೀರಾ? ಒಂದ್ ಮುದ್ದೆ ನುಂಗಿ ಎದ್ರೆ ಸಂಜೆಗಂಟ ಹೊಟ್ಟೆ ಮಾತಾಡಕಿಲ್ಲ" ಅಂತ ಪುಟ್ಟಮ್ಮ ನಮ್ಮ ಒಲೆಯ ಮುಂದೆಯೇ ಕೂತು ಕೋಲು ಹಿಡಿದು ತಿರುವಿ ತೋರಿಸಿದರು. ನಾವೆಲ್ಲ ಬೇಗ ಕಲಿತೆವು. ಅಜ್ಜಿ ಮಾತ್ರ ಮುಟ್ಟಲಿಲ್ಲ. "ಅದನ್ನೇನು ಉಣ್ಣಾದು, ಕರೀ ಮಣ್ಣಿನ ಉಂಡಿ" ಅಂತ ಮುಖ ತಿರುಗಿಸಿದಳು. ಅಂದಿನಿಂದ ಅಜ್ಜಿಗೆ ಬೇರೆಯದೇ ಲೆಕ್ಕ. ಅಮ್ಮ ಎಲ್ಲಿಂದಲೋ ಜೋಳ ಹೊಂದಿಸಿ, ದಿನವೂ ಅಜ್ಜಿಗೆ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದಳು. ಅಜ್ಜಿ ಉಂಡೆದ್ದು, ಜಗಲಿಯಲ್ಲಿ ಕೂತು, ಬಂದವರ ಹತ್ತಿರ ಸೊಸೆ ಹೊಟ್ಟೆಗೆ ಸರಿಯಾಗಿ ಹಾಕುವುದಿಲ್ಲ ಅನ್ನುತ್ತಿದ್ದಳು. ಅಮ್ಮ ಅದನ್ನು ಕೇಳಿಸಿಕೊಳ್ಳುತ್ತಲೇ ಮುಸುರೆ ತಿಕ್ಕುವಳು. ಎದುರು ಮಾತಾಡಿದ್ದನ್ನು ನಾನು ನೋಡಿಲ್ಲ. ಮಾತಿಗೆ ಬದಲು ರೊಟ್ಟಿ ಇನ್ನಷ್ಟು ತೆಳ್ಳಗೆ, ಇನ್ನಷ್ಟು ದುಂಡಗೆ ಆಗುತ್ತಿತ್ತು.

ಒಂದು ಬೇಸಿಗೆ ಕರೆಂಟಿನ ಕಡಿತ ಶುರುವಾಯಿತು. ಮೊದಲು ಮಗ್ಗಗಳು ಅರ್ಧ ದಿನ ನಿಂತವು, ಆಮೇಲೆ ದಿನಗಟ್ಟಲೆ ನಿಂತವು, ಕೊನೆಗೆ ಕಾರ್ಖಾನೆಯ ಧಣಿ ಬಾಗಿಲಿಗೆ ಬೀಗ ಹಾಕಿ ಕರೆಂಟು ಬಂದ ಮೇಲೆ ಹೇಳಿಕಳಿಸುತ್ತೇನೆ ಅಂದ. ಬಟವಾಡೆ ನಿಂತಿತು. ಅಪ್ಪ ಹೊಸಹಳ್ಳಿ, ರಾಜಾಜಿನಗರ ಅಂತ ಕೆಲಸ ಕೇಳಿಕೊಂಡು ಅಲೆದ. ಎಲ್ಲ ಕಡೆಯೂ ಮಗ್ಗ ನಿಂತಿದ್ದವು. ಸಂಜೆ ಅವನು ಗೇಟಿನಲ್ಲಿ ಚಪ್ಪಲಿ ಬಿಡುವ ಸದ್ದಿನಲ್ಲೇ ನಮಗೆ ಉತ್ತರ ಗೊತ್ತಾಗುತ್ತಿತ್ತು. ಆದರೂ ಅಮ್ಮ ಶನಿವಾರ ಮೊರ ಇಟ್ಟುಕೊಂಡು ಕೂರುವುದನ್ನು ಬಿಡಲಿಲ್ಲ. ಗುಡ್ಡೆಗಳು ಏಳೇ ಇದ್ದವು. ಒಂದೊಂದೂ ಹಕ್ಕಿಗೆ ಚೆಲ್ಲಿದ ಕಾಳಿನಷ್ಟಾಗಿದ್ದವು. ಬೆಳಗಿನ ಹೊತ್ತು ಅಂಬಲಿ, ರಾತ್ರಿ ಮುದ್ದೆ, ಸಾರಿಗೆ ನೀರು ಜಾಸ್ತಿ. ಅಜ್ಜಿಯ ರೊಟ್ಟಿ ಮಾತ್ರ ನಿಲ್ಲಲಿಲ್ಲ. ಅಮ್ಮನ ಕಿವಿಯೋಲೆ ಆ ದಿನಗಳಲ್ಲೇ ಹೋಗಿ, ಅಲ್ಲಿ ಬೇವಿನ ಕಡ್ಡಿ ಬಂದಿತು.

ಆಗ ದೊಡ್ಡಪ್ಪ ಬಂದ. ಅಪ್ಪನ ಅಣ್ಣ. ದಾವಣಗೆರೆಯಲ್ಲಿ ಕಾಳಿನ ವ್ಯಾಪಾರ, ಒಳ್ಳೆಯ ಅನುಕೂಲಸ್ಥ. ವ್ಯಾಪಾರದ ಕೆಲಸಕ್ಕೆ ಬೆಂಗಳೂರಿಗೆ ಬಂದವನು ತಾಯಿಯನ್ನು ನೋಡಲು ನಮ್ಮ ಮನೆಗೂ ಬಂದ. ಬರುವಾಗ ಮಕ್ಕಳಿಗೆ ಅಂತ ಒಂದು ಪೊಟ್ಟಣ ಮಂಡಕ್ಕಿ ತಂದಿದ್ದ. ಅಮ್ಮ ಮೊರದ ಗುಡ್ಡೆಗಳನ್ನೆಲ್ಲ ಒಂದು ಮಾಡಿದಳು. ಪುಟ್ಟಮ್ಮನ ಮನೆಯಿಂದ ತುಪ್ಪ, ಬೆಲ್ಲ ಇಸಿದುಕೊಂಡಳು. ಅನ್ನ, ಗಟ್ಟಿ ಬೇಳೆಯ ಸಾರು, ಪಲ್ಯ, ಹೋಳಿಗೆ. ಆ ವಾರ ಪೂರ್ತಿ ಆ ಒಂದು ಮಧ್ಯಾಹ್ನದ ಒಲೆಯ ಮೇಲೆ ಬೆಂದುಹೋಯಿತು. ಬಂದ ಹಿರಿಯರ ಮುಂದೆ ಮನೆಯ ಮಾನ ಕಾಯಬೇಕಲ್ಲ. ದೊಡ್ಡಪ್ಪ ನಿಧಾನವಾಗಿ, ತೃಪ್ತಿಯಾಗಿ ಉಂಡ. ಕೈ ತೊಳೆದು ಬಂದು ಚಾಪೆಯ ಮೇಲೆ ಕೂತ. ಅಜ್ಜಿ ಅವನ ಪಕ್ಕ ಕೂತು ತನ್ನ ದೂರುಗಳನ್ನೆಲ್ಲ ಹೇಳಿದಳು. ತನ್ನನ್ನು ಊರಿಗೆ ಕರೆದುಕೊಂಡು ಹೋಗು ಅಂದಳು. ಬಟ್ಟೆ ಗಂಟು ಕಟ್ಟಿಕೊಂಡೇ ಕೂತಿದ್ದಳು.

ದೊಡ್ಡಪ್ಪ ಅಜ್ಜಿಯ ಕಡೆ ನೋಡಲಿಲ್ಲ. ಅಪ್ಪನಿಗೆ ಹೇಳಿದ: "ತಮ್ಮಾ, ನಿಂಗೂ ಕಷ್ಟ ಐತಿ. ಒಂದು ಹೊಟ್ಟಿ ಕಡಿಮಿ ಆದ್ರೆ ಅಷ್ಟರ ಮಟ್ಟಿಗೆ ಹಗುರ. ಗಿರಿಜಾನ್ನ ನನ್ ಜೊತಿ ಕಳಿಸು. ನಿಮ್ಮ ಅತ್ತಿಗೀಗೂ ಮೈಯಾಗ ಆರಾಮಿಲ್ಲ, ಕೈಕೆಳಗೆ ಒಬ್ಬಳು ಇರ್ತಾಳೆ. ಅಲ್ಲೇ ಶಾಲೀಗೂ ಹಾಕ್ತೀನಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಅಂದೇ ಮೊದಲ ಸಲ ಭಾವನ ಮುಂದೆ ಬಾಯಿ ತೆಗೆದದ್ದು. ಅವಳು ಅಪ್ಪನನ್ನು ಮಾತ್ರ ನೋಡುತ್ತಿದ್ದಳು. "ಈ ವಾರದ್ದು ನಾ ನೋಡ್ಕೋತೀನಿ. ಮುಂದಿನ ವಾರದ್ದೂ ನೋಡ್ಕೋತೀನಿ. ಮಗಳನ್ನ ಕಳಿಸಬ್ಯಾಡ್ರೀ."

"ಈ ವಾರ ಏನ್ ಉಳಿದೈತಿ ನೋಡ್ಕೊಳಾಕೆ?" ಅಂದ ಅಪ್ಪ. ತಲೆ ಎತ್ತಲಿಲ್ಲ. "ಕಾರ್ಖಾನೆ ತೆಗೆಯೋವರೆಗೆ ಅಷ್ಟೇ. ಆಮೇಲೆ ಕರಕೊಂಡು ಬರ್ತೀನಿ."

ಅಕ್ಕ ಹಿತ್ತಲಿನಲ್ಲಿ ತಟ್ಟೆ ತೊಳೆಯುತ್ತಿದ್ದಳು. ಎಲ್ಲವೂ ಕೇಳಿಸಿತ್ತು. ಒಳಗೆ ಬಂದು ಲಂಗಕ್ಕೆ ಕೈ ಒರೆಸಿಕೊಂಡು, "ನಾ ಹೋಗ್ತೀನಿ ಬಿಡಮ್ಮ" ಅಂದಳು. ಆಗ ಅವಳಿನ್ನೂ ಮಾಧ್ಯಮಿಕ ಶಾಲೆಯಲ್ಲಿದ್ದ ಹುಡುಗಿ. ಮನೆಯ ಕಾಳು ಎಷ್ಟು, ಬಾಯಿ ಎಷ್ಟು ಎಂಬುದು ಅಪ್ಪನಿಗಿಂತ ಚೆನ್ನಾಗಿ ಅವಳಿಗೇ ಗೊತ್ತಿತ್ತು. ಅದೇ ಅವಳ ಪಾಲಿಗೆ ಮುಳುವಾಯಿತೇನೋ. ಮರುದಿನ ಬೆಳಿಗ್ಗೆ ದೊಡ್ಡಪ್ಪನ ಹಿಂದೆ ಬಸ್ ಸ್ಟಾಪಿನ ಕಡೆ ಅವಳು ನಡೆದುಹೋದಳು. ಶಾಲೆಯ ಚೀಲದಲ್ಲೇ ಎರಡು ಜೊತೆ ಬಟ್ಟೆ. ಅಮ್ಮ ಗೇಟಿನವರೆಗೂ ಹೋಗಲಿಲ್ಲ. ಒಳಗೆ ತಣ್ಣಗಿದ್ದ ಒಲೆಯ ಮುಂದೆ ಕೂತು ಬೂದಿ ಬಳಿದು ತೆಗೆಯುತ್ತಲೇ ಇದ್ದಳು.

ಅಜ್ಜಿಯ ಗಂಟು ಕಟ್ಟಿದ್ದು ಕಟ್ಟಿದಂತೆಯೇ ಮೂಲೆಯಲ್ಲಿ ಉಳಿಯಿತು. ಅವಳನ್ನು ಯಾರೂ ಕರೆದಿರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ, ಅಮ್ಮ ರೊಟ್ಟಿಯ ತಟ್ಟೆ ತಂದರೆ ಅಜ್ಜಿ ಅದನ್ನು ಪಕ್ಕಕ್ಕೆ ಸರಿಸಿದಳು. "ನಂಗೂ ಅದನ್ನೇ ಹಾಕವ್ವಾ" ಅಂದಳು. ಅಮ್ಮ ಮುದ್ದೆ ಹಾಕಿದಳು. ಮುದ್ದೆಯನ್ನು ನುಂಗಬೇಕು, ಅಗಿಯಬಾರದು. ಅಜ್ಜಿಗೆ ಅದು ಗೊತ್ತಿರಲಿಲ್ಲ. ಅಗಿದಳು. ಅದು ಅವಳ ಬೊಚ್ಚುಬಾಯಿಯಲ್ಲಿ ಅಂಟಿಕೊಂಡಿತು, ಕಣ್ಣಲ್ಲಿ ನೀರು ಬಂತು, ಆದರೂ ಬಿಡದೆ ತಟ್ಟೆ ಖಾಲಿ ಮಾಡಿದಳು. ಯಾರೂ ಅವಳಿಗೆ ನೀರು ಕೊಡಲಿಲ್ಲ. ಸಾಯುವವರೆಗೂ ಅಜ್ಜಿ ಆಮೇಲೆ ರೊಟ್ಟಿ ಕೇಳಲಿಲ್ಲ, ಅಮ್ಮನೂ ಬೇಕಾ ಅಂತ ಕೇಳಲಿಲ್ಲ.

ಅಕ್ಕ ಹೋದದ್ದರಿಂದ ನಮ್ಮ ತಟ್ಟೆಯಲ್ಲಿ ಏನಾದರೂ ಹೆಚ್ಚಾಯಿತೇ ಎಂದು ನೀವು ಕೇಳಬಹುದು. ಏನೂ ಆಗಲಿಲ್ಲ. ಮುದ್ದೆ ಅಷ್ಟೇ ದಪ್ಪ, ಸಾರು ಅಷ್ಟೇ ತೆಳು. ಶನಿವಾರ ಅಮ್ಮ ಒಬ್ಬಳೇ ಮೊರದ ಮುಂದೆ ಕೂರುವಳು. ಎದುರಿಗೆ ನಾನು ಕೂತರೆ, "ನೀ ಓದ್ಕೋ ಹೋಗು" ಅಂತ ಎಬ್ಬಿಸುವಳು. ವಾರವನ್ನು ಬಾಯಿಬಿಟ್ಟು ಹೇಳುವುದನ್ನು ಅವಳು ಬಿಟ್ಟಳು. ಕಾಳಿನ ಸದ್ದಷ್ಟೇ ಉಳಿಯಿತು.

ಮಳೆಗಾಲ ಕಳೆದು ಕರೆಂಟು ಬಂತು, ಕಾರ್ಖಾನೆ ತೆರೆಯಿತು, ಬಟವಾಡೆ ಶುರುವಾಯಿತು. ಅಪ್ಪ ಅಕ್ಕನನ್ನು ಕರೆತರಲು ದಾವಣಗೆರೆಗೆ ಹೋದ, ಒಬ್ಬನೇ ವಾಪಸು ಬಂದ. ದೊಡ್ಡಮ್ಮನಿಗೆ ಇನ್ನೂ ಹುಷಾರಿಲ್ಲ, ಯುಗಾದಿವರೆಗೆ ಇರಲಿ ಅಂದರಂತೆ. ಯುಗಾದಿಗೆ ಹೋದಾಗ ಮುಂದಿನ ವರ್ಷ ಅಂದರಂತೆ. ಶಾಲೆಗೆ ಹಾಕಿರಲೇ ಇಲ್ಲ. ಅಣ್ಣನ ಎದುರು ನಿಂತು ಮಾತಾಡುವ ತ್ರಾಣ ಅಪ್ಪನಿಗೆ ಯಾವತ್ತೂ ಇರಲಿಲ್ಲ. ಹೀಗೇ ವರ್ಷಗಳು ಕಳೆದು ಒಂದು ದಿನ ದೊಡ್ಡಮ್ಮನ ಕಡೆಯವರೊಬ್ಬರಿಗೆ, ಹೆಂಡತಿ ತೀರಿಕೊಂಡಿದ್ದ ಅಂಗಡಿಕಾರನಿಗೆ, ಅಕ್ಕನನ್ನು ಗೊತ್ತು ಮಾಡಿದ್ದೇವೆ, ಬನ್ನಿ ಎಂದು ಹೇಳಿಕಳಿಸಿದರು. ಅಮ್ಮ ತನ್ನ ಮಗಳ ಮದುವೆಗೆ ಕರೆದ ನೆಂಟರ ಹಾಗೆ ಹೋಗಿ, ನೆಂಟರ ಹಾಗೆ ಪಂಕ್ತಿಯಲ್ಲಿ ಕೂತು ಉಂಡು ಬಂದಳು. ಧಾರೆಯ ಹೊತ್ತಿನಲ್ಲಿ ಅಮ್ಮ ಅಕ್ಕನ ಕೈ ಹಿಡಿದುಕೊಂಡಾಗ ಅವಳ ಮುಂಗೈ ತುಂಬ ರೊಟ್ಟಿ ಹಂಚಿನ ಸುಟ್ಟ ಕಲೆಗಳಿದ್ದವು. ಬೆಂಗಳೂರಿಗೆ ಬರುವ ರೈಲಿನಲ್ಲಿ ಅಪ್ಪ ಏನೋ ಹೇಳಲು ಹೋದ. ಅಮ್ಮ ಕಿಟಕಿಯ ಕಡೆ ತಿರುಗಿ ಕೂತಳು. ಅವರಿಬ್ಬರೂ ಆಮೇಲೂ ಒಂದೇ ಮನೆಯಲ್ಲಿ ಬಹಳ ವರ್ಷ ಬದುಕಿದರು. ಹೊತ್ತುಹೊತ್ತಿಗೆ ಅವನ ತಟ್ಟೆಗೆ ಊಟ ಬೀಳುತ್ತಿತ್ತು. ಅಷ್ಟೇ.

ಮೊದಲ ಬಾಣಂತನಕ್ಕೆ ಅಕ್ಕ ನಮ್ಮ ಮನೆಗೆ ಬಂದಳು. ಆ ಹೊತ್ತಿಗೆ ಅಪ್ಪನ ಸಂಬಳ ಸುಧಾರಿಸಿತ್ತು, ಮೊರದ ಅಗತ್ಯ ಅಷ್ಟಾಗಿ ಇರಲಿಲ್ಲ. ಅಮ್ಮ ಅವಳಿಗಾಗಿ ದಿನಕ್ಕೊಂದು ಬಗೆ ಮಾಡಿ ಹಾಕಿದಳು. ಅಕ್ಕ ಎಲ್ಲದರಲ್ಲೂ ಚೂರು ಚೂರು ತಿಂದು ಸಾಕು ಅನ್ನುತ್ತಿದ್ದಳು. ಒಂದು ಮಧ್ಯಾಹ್ನ ಅಮ್ಮ ಇನ್ನೊಂದಿಷ್ಟು ಬಡಿಸಲು ಬಗ್ಗಿದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, ಸಿಟ್ಟಿಲ್ಲದ, ಸುಮ್ಮನೆ ತಿಳಿದುಕೊಳ್ಳಲು ಕೇಳುವ ದನಿಯಲ್ಲಿ ಕೇಳಿದಳು: "ಅಮ್ಮಾ, ಆವಾಗ ನಾನೊಬ್ಬಳು ಎಷ್ಟು ತಿಂತಿದ್ದೆ?"

ಅಮ್ಮ ಬಗ್ಗಿದವಳು ಹಾಗೇ ನಿಂತಳು. ವಾರದ ಒಂದು ಕಾಳನ್ನೂ ಮರೆಯದ ಹೆಂಗಸು ಅವಳು.

"ರಾತ್ರಿ ಒಂದು ಮುದ್ದೆ" ಅಂದಳು. "ಅದ್ರಾಗೂ ಅರ್ಧ ತಮ್ಮಗೆ ಕೊಡ್ತಿದ್ದಿ."

ಅಕ್ಕ ತಲೆಯಾಡಿಸಿ, ಕೈ ತೊಳೆದು, ಮಗುವಿಗೆ ಹಾಲೂಡಿಸಲು ಎದ್ದುಹೋದಳು.

ಈಗ ಅಮ್ಮ ಇಲ್ಲ, ಅಪ್ಪ ಇಲ್ಲ. ಪುಟ್ಟಮ್ಮನ ಮೊಮ್ಮಕ್ಕಳು ಹಳೆಯ ಮನೆಯನ್ನೂ ನಮ್ಮ ಕೊಟ್ಟಿಗೆಯನ್ನೂ ಕೆಡವಿ ಮಹಡಿ ಮೇಲೆ ಮಹಡಿ ಎಬ್ಬಿಸಿದ್ದಾರೆ. ಕೆಳಗೆ ಮೊಬೈಲ್ ಅಂಗಡಿ. ನಮ್ಮ ಒಲೆ ಎಲ್ಲಿತ್ತು ಎಂದು ತೋರಿಸಲು ಹೋದರೆ ನನಗೇ ದಿಕ್ಕು ತಪ್ಪುತ್ತದೆ. ಅಕ್ಕ ದಾವಣಗೆರೆಯಲ್ಲೇ ಇದ್ದಾಳೆ, ಮಕ್ಕಳು ಮೊಮ್ಮಕ್ಕಳ ಜೊತೆ ಚೆನ್ನಾಗಿದ್ದಾಳೆ. ವಾರಕ್ಕೊಮ್ಮೆಯಾದರೂ ಫೋನ್ ಮಾಡುತ್ತಾಳೆ. ನನ್ನ ಮಂಡಿನೋವು ವಿಚಾರಿಸುತ್ತಾಳೆ, ತಮ್ಮನ ಮಕ್ಕಳ ಓದು ಕೇಳುತ್ತಾಳೆ, ಅಲ್ಲಿ ಮಳೆ ಹೇಗೆ, ಇಲ್ಲಿ ಬಿಸಿಲು ಹೇಗೆ ಎಂದೆಲ್ಲ ಮಾತಾಡುತ್ತಾಳೆ. ನಮ್ಮ ಜನ ಯಾರಿಗೇ ಫೋನ್ ಮಾಡಲಿ, ಎದುರಿಗೇ ಸಿಗಲಿ, ಮೊದಲು ಕೇಳುವ ಮಾತು ಒಂದೇ ಅಲ್ಲವೇ, ಊಟ ಆಯ್ತಾ ಅಂತ. ಇಷ್ಟು ವರ್ಷಗಳಲ್ಲಿ ಗಿರಿಜಕ್ಕ ನನ್ನನ್ನು ಒಂದು ಸಲವೂ ಹಾಗೆ ಕೇಳಿಲ್ಲ. ನನಗೂ ಅವಳನ್ನು ಕೇಳಲು ಬಾಯಿ ಬಂದಿಲ್ಲ.