ಹೊಸವರ್ಷದ ಮೆಟ್ಟಿಲು

ಈಜಿಪ್ಟಿನ ಎದ್ಫುವಿನಲ್ಲಿ ಗಿಡುಗದೇವರು ಹೋರಸ್‌ನ ಸೇವೆಗೆ ಪೂಜಾರಿಗಳ ಐದು ತಂಡಗಳಿದ್ದವು. ತಿಂಗಳಿಗೆ ಒಂದರ ಸರದಿ. ಹಾಗಾಗಿ ಹೊಸವರ್ಷದ ದಿನ ದೇವರ ಮೂರ್ತಿಯಿದ್ದ ಪೆಟ್ಟಿಗೆಯನ್ನು ಗುಡಿಯ ಚಾವಣಿಗೆ ಹೊರುವ ಭಾಗ್ಯ ಒಂದು ತಂಡಕ್ಕೆ ಬರುತ್ತಿದ್ದುದು ಐದು ವರ್ಷಕ್ಕೊಮ್ಮೆ. ಸರದಿಯಿಲ್ಲದ ತಿಂಗಳುಗಳಲ್ಲಿ ಈರುಳ್ಳಿ ಬೆಳೆಯುತ್ತಿದ್ದ ಪಖೋಮ್ ಕಳೆದ ಸಲ ಜ್ವರದಿಂದ ಮಲಗಿದ್ದ; ಅದರ ಹಿಂದಿನ ಸಲ ಮನೆಯಲ್ಲಿ ಸಾವಿನ ಮೈಲಿಗೆ. ಈಗ ಅರವತ್ತು ದಾಟಿತ್ತು. ಇನ್ನೈದು ವರ್ಷ ಮಂಡಿಗಳು ಮಾತು ಕೇಳುತ್ತವೆಂಬ ಭರವಸೆ ಅವನಿಗಿರಲಿಲ್ಲ.

ಈ ಸಲ ಹೊಸವರ್ಷದ ಬೆಳಿಗ್ಗೆ ಮಿಂದು, ಸವಳುಪ್ಪಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಬಿಳಿ ನಾರುಬಟ್ಟೆ ಉಟ್ಟು ಗುಡಿಯ ಪಕ್ಕದ ಬಾಗಿಲಿಗೆ ಬಂದ. ಬಾಗಿಲು ಕಾಯುವ ಪೂಜಾರಿ ನೆಸ್ಮಿನ್ ಅವನ ಬೋಳುತಲೆಯ ಮೇಲೆ ಬೆರಳಾಡಿಸಿ ಥಟ್ಟನೆ ನಿಲ್ಲಿಸಿದ.

"ಪಖೋಮಣ್ಣ, ಕಿವಿ ಹಿಂದೆ ಇದೇನು? ಈರುಳ್ಳಿ ನಾಟಿ ಮಾಡಿದ್ದೀಯಾ?"

ಮೈಮೇಲೆ ಒಂದು ಕೂದಲಿದ್ದರೂ ಒಳಗೆ ಬಿಡುವಂತಿರಲಿಲ್ಲ.

"ಬೋಳಿಸಿದ್ದು ಇವಳು," ಎಂದ ಪಖೋಮ್, ಹೊರಗೆ ನಿಂತಿದ್ದ ಹೆಂಡತಿ ತೆತೋಸಿರಿಸ್‌ಳನ್ನು ತೋರಿಸಿ.

"ಆಹಾ! ಬೋಳಿಸುವಾಗ ತೂಕಡಿಸಿ ತಲೆ ವಾಲಿಸಿದ್ದು ಯಾರಂತೆ?" ಎಂದು ಅವಳು ಮನೆಗೆ ಓಡಿ ಕ್ಷೌರದ ಕಂಚಿನ ಕತ್ತಿ ತಂದಳು. ಅಷ್ಟರಲ್ಲಿ ಒಳಗೆ ಹಾಡು ಶುರುವಾಗಿತ್ತು.

"ಬೇಗ ಕಣೇ, ಹೊರಟುಬಿಡ್ತಾರೆ!"

"ಅಲ್ಲಾಡಬೇಡಿ. ಕಿವಿ ಹೋದ್ರೆ ಹೋಗ್ಲಿ, ಕೂದಲಂತೂ ಉಳಿಯಲ್ಲ."

ನೆಸ್ಮಿನ್ ಎರಡು ಸಲ ತಡವಿ ನೋಡಿದ. "ನಡಿ, ನಡಿ. ಹಿಂದಿನ ಸಾಲಲ್ಲಿ ಒಂದು ಹೆಗಲು ಬೇಕಾಗಿದೆ."

ಕಂಬಗಳ ಮಂಟಪ ದಾಟಿದಂತೆ ನೆಲ ಏರುತ್ತಿತ್ತು, ಚಾವಣಿ ತಗ್ಗುತ್ತಿತ್ತು, ಬೆಳಕು ಕುಗ್ಗುತ್ತಿತ್ತು. ಗರ್ಭಗುಡಿಯ ಕತ್ತಲಿಂದ ಪೆಟ್ಟಿಗೆ ಹೊರಬಂತು. ಪಖೋಮ್ ಹೆಗಲು ಕೊಟ್ಟ. ಗಿಡುಗ ಗಾಳಿಯಲ್ಲಿ ಸುತ್ತಿ ಸುತ್ತಿ ಏರುವ ಹಾಗಿತ್ತು ಚಾವಣಿಗೆ ಹತ್ತುವ ಮೆಟ್ಟಿಲು. ಗೋಡೆಯಲ್ಲಿ ಕೆತ್ತಿದ ಪೂಜಾರಿಗಳೂ ಜೊತೆಗೆ ಹತ್ತುತ್ತಿದ್ದರು, ಮಂಡಿನೋವಿಲ್ಲದೆ. ಪಖೋಮ್‌ನ ಮಂಡಿ ಪ್ರತಿ ತಿರುವಿನಲ್ಲೂ ನೋಯಿತು. ಅವನು ನಿಲ್ಲಲಿಲ್ಲ.

ಚಾವಣಿಯ ಮಂಟಪದಲ್ಲಿ ತೆರೆ ಸರಿಯಿತು. ಪೆಟ್ಟಿಗೆಯ ಕತ್ತಲಲ್ಲಿದ್ದ ಮೂರ್ತಿಯ ಚಿನ್ನದ ಮುಖಕ್ಕೆ ಸೂರ್ಯನ ಬೆಳಕು ತಗುಲಿ, ದೇವರಿಗೆ ಹೊಸ ವರ್ಷದ ಬಲ ಸೇರಿತು. ಪಖೋಮ್ ಗಟ್ಟಿಯಾಗಿ ನಕ್ಕುಬಿಟ್ಟ. ಆ ದಿನ ನಗುವುದಕ್ಕೆ ನಿಷೇಧವಿರಲಿಲ್ಲ, ಉಳಿದವರೂ ನಕ್ಕರು.

ಇಳಿಯುವ ಮೆಟ್ಟಿಲು ಬೇರೆ. ಗಿಡುಗ ಎರಗುವ ಹಾಗೆ ನೆಟ್ಟಗೆ. ಪೆಟ್ಟಿಗೆ ಹೊತ್ತ ಪಖೋಮ್‌ನ ಕಾಲುಗಳು ತಾವಾಗಿಯೇ ಓಡತೊಡಗಿದವು. ಮುಂದಿದ್ದವನು ಕೂಗಿಕೊಂಡ:

"ತಳ್ಳಬೇಡ ತಾತ! ಗಿಡುಗ ಪೆಟ್ಟಿಗೆಯೊಳಗಿರೋದು, ನೀನಲ್ಲ!"