ಒಂದೇ ಸೂಜಿ ಎಂದು ಕೊಟ್ಟ ಮಾತು

ಕೋವಿಡ್ ಅಲೆ ಇಳಿದ ಮರುವರ್ಷ ನಾನು ಹಲಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಹಿರಿಯ ಫಿಸಿಷಿಯನ್ ಆಗಿದ್ದೆ. ಶಿವಾಜಿನಗರದಲ್ಲಿ ಸೊಪ್ಪು ಮಾರುತ್ತಿದ್ದ ಅಮ್ಮನ ಪಕ್ಕ ಕೂತು ಮಾತು ಕಲಿತವನು ನಾನು. ರೋಗಿಗಳ ಹಟ ಹಿಡಿದ ಮನೆಯವರನ್ನು ಒಪ್ಪಿಸಬೇಕಾದಾಗ ಎಲ್ಲರೂ ನನ್ನನ್ನೇ ಕರೆಯುತ್ತಿದ್ದರು.

ಟಿನ್ ಫ್ಯಾಕ್ಟರಿ ಹತ್ತಿರ ಬ್ಲೌಸ್ ಹೊಲಿಯುತ್ತಿದ್ದ ಮುನಿರತ್ನಮ್ಮ ಮೂರು ವಾರದ ತಲೆನೋವು, ವಾಂತಿಯೆಂದು ದಾಖಲಾದರು. ಕೀಲುನೋವಿಗೆ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿ ದೇಹದ ರೋಗನಿರೋಧಕ ಶಕ್ತಿ ಕುಗ್ಗಿತ್ತು. ಲಂಬಾರ್ ಪಂಕ್ಚರ್, ಅಂದರೆ ಬೆನ್ನಿಗೆ ಸೂಜಿ ಹಾಕಿ ಮಿದುಳು ದ್ರವ ತೆಗೆಯುವ ಪರೀಕ್ಷೆ, ಆಗಲೇಬೇಕಿತ್ತು.

ಅವರ ಅಕ್ಕ ಲಕ್ಷ್ಮಮ್ಮ ಅಡ್ಡ ನಿಂತರು. "ಬೆನ್ನಿಗೆ ಸೂಜಿ ಹಾಕಿದ್ರೆ ಕಾಲು ಬಿದ್ಹೋಗುತ್ತಂತೆ. ಬೇಡ ಡಾಕ್ಟ್ರೇ."

"ಒಂದೇ ಸಲ ಅಮ್ಮಾ. ಇನ್ನೊಂದ್ಸಲ ಕೇಳಿದ್ರೆ ನನ್ನ ಹೆಸರೇ ಬದಲಾಯಿಸಿಬಿಡಿ."

"ಒಂದೇ ಅಂದ್ರೆ ಒಂದೇ. ಸೊಪ್ಪಿನೋರ ಥರ ಆಮೇಲೆ ಮಾತು ತಿರುಗಿಸ್ಬಾರ್ದು."

ನಕ್ಕು ಒಪ್ಪಿದೆ.

ತೆಗೆದ ದ್ರವಕ್ಕೆ ಇಂಡಿಯಾ ಇಂಕ್ ಎಂಬ ಕಪ್ಪು ಶಾಯಿ ಬೆರೆಸಿ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಬಳೆ ತೊಟ್ಟ ದುಂಡು ಕಣಗಳು ಕಂಡವು: ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರ. ಅಂದೇ ಅದನ್ನು ಕೊಲ್ಲುವ ಆಂಫೋಟೆರಿಸಿನ್ ಔಷಧಿ ಶುರು ಮಾಡಿದೆವು. ಆದರೆ ಈ ಕಾಯಿಲೆಯಲ್ಲಿ ಔಷಧಿಯಷ್ಟೇ ಮುಖ್ಯವಾದದ್ದು ತಲೆಯೊಳಗಿನ ಒತ್ತಡ ಇಳಿಸುವುದು. ಅದಕ್ಕೆ ಮತ್ತೆ ಮತ್ತೆ ಅದೇ ಸೂಜಿ ಬೇಕು.

ನಾಲ್ಕನೇ ದಿನ ತಲೆನೋವು ಮರಳಿತು. ಜೂನಿಯರ್ ಡಾಕ್ಟರ್ ಶಬಾನಾ, "ಸರ್, ಇವತ್ತೇ ಇನ್ನೊಂದು ಲಂಬಾರ್ ಪಂಕ್ಚರ್ ಮಾಡ್ಬೇಕು" ಎಂದಳು.

"ಔಷಧಿ ಕೆಲಸ ಮಾಡ್ಲಿ, ನೋಡೋಣ" ಎಂದೆ. ಅದು ವೈದ್ಯನ ಮಾತಲ್ಲ. ಕೊಟ್ಟ ಮಾತು ಮುರಿದು ಲಕ್ಷ್ಮಮ್ಮನ ಮುಂದೆ ನಿಲ್ಲಲು ನನಗೆ ನಾಚಿಕೆಯಾಗಿತ್ತು.

ಆರನೇ ದಿನ ಬೆಳಿಗ್ಗೆ, ಕಿಟಕಿಯ ತುಂಬ ಬಿಸಿಲಿದ್ದಾಗ, ಮುನಿರತ್ನಮ್ಮ ಕೇಳಿದರು: "ಲೈಟ್ ಯಾಕ್ ಸಾರ್ ಆಫ್ ಮಾಡಿದ್ರಿ?"

ತಲೆಯೊಳಗೆ ಏರಿದ ಒತ್ತಡ ಕಣ್ಣಿನ ನರವನ್ನು ಹಿಂಡಿತ್ತು. ಲಕ್ಷ್ಮಮ್ಮನ ಬಳಿ ಓಡಿದೆ. ಎಲ್ಲ ಹೇಳಿದೆ. ಅವರು ತಕ್ಷಣ ಸಹಿ ಹಾಕಿದರು. "ತಂಗಿ ಕಣ್ಣಿಗೋಸ್ಕರ ಅಂದಿದ್ರೆ ಅವತ್ತೇ ಹಾಕ್ತಿದ್ನಲ್ಲ ಡಾಕ್ಟ್ರೇ."

ಆಮೇಲೆ ದಿನವೂ ದ್ರವ ತೆಗೆದೆವು. ಜೀವ ಉಳಿಯಿತು. ದೃಷ್ಟಿ ಮಾತ್ರ ನೆರಳು ಗುರುತಿಸುವಷ್ಟೇ ಮರಳಿತು.

ಕಿರಿಯ ವೈದ್ಯರಿಗೆ ನನ್ನ ಸಲಹೆ ಇಷ್ಟೇ: ಒಪ್ಪಿಗೆ ಗಿಟ್ಟಿಸಲು ಚಿಕಿತ್ಸೆಗೆ ಚೌಕಾಶಿ ಮಾಡಬೇಡಿ. ಎಷ್ಟು ಸಲ ಬೇಕಾಗುತ್ತದೋ ಗೊತ್ತಿಲ್ಲ ಎಂಬ ನಿಜವನ್ನೇ ಹೇಳಿ. ಮಾತು ತಪ್ಪಿತೆಂದು ಅರಿವಾದರೆ ಆ ಗಳಿಗೆಯಲ್ಲೇ ಹೋಗಿ ತಪ್ಪೊಪ್ಪಿಕೊಳ್ಳಿ.

ಕಳೆದ ಸಲ ತಪಾಸಣೆಗೆ ಬಂದಾಗ ಮುನಿರತ್ನಮ್ಮ ನನ್ನ ತೋಳು ಹಿಡಿದು ಕುರ್ಚಿಗೆ ಕೂತರು. ಅವರ ಬೆರಳು ನನ್ನ ಕೋಟಿನ ಅಂಚಿನಲ್ಲಿ ಒಮ್ಮೆ ಹರಿದಾಡಿತು.

"ಹೊಲಿಗೆ ಬಿಟ್ಟಿದೆ ಸಾರ್. ಯಾರ ಹತ್ರನಾದ್ರೂ ಹಾಕಿಸ್ಕೊಳ್ಳಿ."

ಇನ್ನೂ ಹಾಕಿಸಿಲ್ಲ.