ಒಲೆಗೊಂದು ಜಾಗ ನೋಡಲು ಚಿತ್ರದುರ್ಗಕ್ಕೆ

ಆಗ ನನಗೆ ಅರವತ್ತೆಂಟು. ಎರಡು ವರ್ಷದ ಹಿಂದಿನ ಆಷಾಢ. ಹೊಸದುರ್ಗದ ಹಳೆ ಮಂಡಿಯಲ್ಲಿ ನನ್ನದೊಂದು ಸಣ್ಣ ಮಳಿಗೆ. ಅದರ ಮುಂದೆ ಮಿರ್ಚಿ ಕರಿಯುತ್ತಿದ್ದೆ. ಲಾರಿಗಳೆಲ್ಲ ಊರಾಚೆಯ ಹೊಸ ಮಾರುಕಟ್ಟೆಗೆ ಹೋದ ಮೇಲೆ ಅರ್ಧ ಮಳಿಗೆಗೆ ಬೀಗ ಬಿತ್ತು. ಸಂಜೆಯಾದರೆ ನಾನು, ನನ್ನ ಬಾಣಲೆ, ನಾಲ್ಕು ನಾಯಿ.

ಮಳಿಗೆಯವರು ಸೇರಿ ಮಾತಾಡಿದರು: ಎಲ್ಲ ಕೆಡವಿ ಕೆಳಗೆ ಅಂಗಡಿ, ಮೇಲೆ ಮನೆ ಕಟ್ಟೋಣ, ಒಳಗೆ ಗಾಡಿ ಬೇಡ, ಜನ ನಡೆದಾಡಲಿ. ನಾನೂ ಕೊಬ್ಬರಿ ವ್ಯಾಪಾರದ ರುದ್ರಣ್ಣನೂ ಹೂಂ ಅಂದಿರಲಿಲ್ಲ. ಉತ್ತರ ಹೇಳಲು ಒಂದೇ ದಿನ ಉಳಿದಿತ್ತು. ಚಿತ್ರದುರ್ಗದಲ್ಲಿ ಹಳೆ ಎಣ್ಣೆ ಮಿಲ್ಲೊಂದನ್ನು ಹೀಗೇ ಮಾಡಿದ್ದಾರೆಂದು ಕೇಳಿ ಇಬ್ಬರೂ ನೋಡಲು ಹೊರಟೆವು.

ಸರ್ಕಾರಿ ಬಸ್ಸು. ಹೆಂಗಸೆಂದು ನನಗೆ ಪುಕ್ಕಟೆ, ರುದ್ರಣ್ಣನಿಗೆ ಟಿಕೆಟ್. ಹೊಳಲ್ಕೆರೆ ಬರುವವರೆಗೂ ಅದನ್ನೇ ಗೊಣಗಿದ. ಅಲ್ಲಿ ಚಹಾ ಕುಡಿದ ಮೇಲೆ ಬೇರೆ ರಾಗ ತೆಗೆದ.

"ಲಾರಿ ಬರ್ದಿದ್ರೆ ಯಾಪಾರ ಎಲ್ಲೈತೆ ನಾಗಕ್ಕ? ನಡ್ಕಂಡು ಬರೋನು ಏನು ತಗಂತಾನೆ?"

"ನೋಡಾಣ ಸುಮ್ನಿರು."

ಗುಡ್ಡದ ಮೇಲೆ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದವು. ಗಾಳಿ ಪಡುವಣದ್ದು.

ಮಿಲ್ಲಿನ ಬಾಗಿಲಲ್ಲಿ ಅಡ್ಡ ಕಲ್ಲುಕಂಬ ನೆಟ್ಟಿದ್ದರು. ಬಸ್ ಸ್ಟ್ಯಾಂಡಿನಿಂದ ಹಿಡಿದು ಬಂದ ಆಟೋ ಅಲ್ಲೇ ನಿಂತಿತು. ರುದ್ರಣ್ಣ ಮೊಣಕಾಲು ತೋರಿಸಿದ. ಆಟೋದವನು, "ನಡೀರಿ ಯಜಮಾನ್ರೆ, ಒಳಗೆ ನನ್ನೂ ಬಿಡಂಗಿಲ್ಲ" ಅಂದ.

ನಡೆದೆವು. ಬೇವಿನ ನೆರಳು, ಕೂರಲು ಕಟ್ಟೆ. ಟೈಲರು, ಹಿಟ್ಟಿನ ಗಿರಣಿ, ಚಪ್ಪಲಿ ಅಂಗಡಿ. ಮೇಲೆ ಮನೆಗಳ ಒಗೆದ ಬಟ್ಟೆ ಹಾರಾಡುತ್ತಿತ್ತು. ರುದ್ರಣ್ಣ ಅಂಗಡಿಗೊಮ್ಮೆ ನಿಲ್ಲುತ್ತಿದ್ದ. ಬೀದಿ ಮುಗಿಯುವಷ್ಟರಲ್ಲಿ ಅವನ ಕೈಯಲ್ಲಿ ಚಪ್ಪಲಿ, ಪೊರಕೆ, ಚಹಾ ಸೋಸುವ ಜಾಲರಿ.

"ನಡ್ಕಂಡು ಬರೋನು ಏನು ತಗಂತಾನೆ ಅಂದ್ಯಲ್ಲ. ಕೈಯಾಗೇನು ಅದು?"

"ಮನ್ಯಾಗೆ ಹೇಳಿದ್ರು."

"ಯಾವಾಗ?"

"ಹೋದೊರ್ಷ."

ಲಾರಿಯಲ್ಲಿ ಕೂತು ಬಂದಿದ್ದರೆ ಅವನಿಗೆ ಆ ಪೊರಕೆ ಕಾಣುತ್ತಲೇ ಇರಲಿಲ್ಲ. ಅಷ್ಟು ನನಗೂ ತಿಳಿಯಿತು. ದೀಪ ಹಚ್ಚಿದ ಮೇಲೆ ಮೇಲಿನ ಮನೆಯವರೂ ಇಳಿದು ಬಂದರು. ಮುದುಕರು ಕಟ್ಟೆ ಹಿಡಿದರು. ಅಂಗಡಿ ಮುಚ್ಚುವ ಮಾತೇ ಇಲ್ಲ.

ಆದರೆ ಮಿರ್ಚಿ ವಾಸನೆ ಇದೆ, ಮಿರ್ಚಿಯವಳಿಲ್ಲ. ಹುಡುಕಿದರೆ ಹಿತ್ತಲ ಗೋಡೆಯ ಹಿಂದೆ ಇದ್ದಳು. ಅವಳ ಮಂಡಕ್ಕಿ ಒಗ್ಗರಣೆ ಚೆನ್ನಾಗಿತ್ತು, ಮಿರ್ಚಿಗೆ ಉಪ್ಪು ಸಾಲದು.

"ಇಲ್ಯಾಕೆ ಕುಂತೀಯವ್ವ?"

"ಹೊಗೆ ಮೇಲಿನ ಮನಿಗೆ ಹೋಗ್ತೈತೆ ಅಂದ್ರಮ್ಮ. ಕಟ್ಟೋವಾಗ ನನ್ನ ಯಾರು ಕೇಳ್ತಾರೆ? ಕಟ್ಟಿದ ಮ್ಯಾಲೆ ಹಿಂದಕ್ಕೆ ಹಾಕಿದ್ರು. ಜನ ಬೇಕಾದಷ್ಟು ಅದಾರೆ, ನಾನು ಕಾಣಲ್ಲ."

ತಿರುಗಿ ಬರುವಾಗ ರುದ್ರಣ್ಣ ಪೊರಕೆ ತಬ್ಬಿಕೊಂಡು, "ನಾನು ಹೂಂ ಅಂತೀನಿ. ನೀನು?" ಅಂದ.

"ನಾನೂ ಅಂತೀನಿ. ಮೊದ್ಲು ಒಲೆ."

ಮಾರನೆಯ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮಂಡಿಗೆ ಹೋದೆ. ನಮ್ಮ ಮಂಡಿಯ ಬಾಗಿಲು ಮೂಡಣಕ್ಕೆ. ಪಡುವಣ ಗಾಳಿ ಹೊಗೆಯನ್ನು ಹೊರಗಡೆಗೇ ಒಯ್ಯುತ್ತದೆ. ಬಾಗಿಲ ಪಕ್ಕದಲ್ಲೇ ಸುಣ್ಣದಲ್ಲಿ ಒಲೆಯಷ್ಟಗಲ ಗೆರೆ ಎಳೆದು, ಒಳಗೆ ಮಣೆ ಹಾಕಿ ಕೂತು, ಉತ್ತರ ಕೇಳುವವರು ಬರಲಿ ಎಂದು ಕಾದೆ.